ಬೈಬಲನ್ನು ಅಕ್ಷರಶಃ ನಂಬದಿದ್ದರೆ ಕ್ರೈಸ್ತರಲ್ವಾ?

‘ಒಂದು ಅಕ್ಷರ ಸುಳ್ಳಾದರೂ ಇಡೀ ಬೈಬಲ್ ಸುಳ್ಳು’ ಅಂತ ನಿಮ್ಮ ಪ್ರಾರ್ಥನಾ ಕೂಟದ ಗೆಳೆಯ. ‘ಸೃಷ್ಟಿಯ ಕತೆ ಇರುವ ಬೈಬಲಿನ ಮೊದಲ ಪುಸ್ತಕ ಆದಿಕಾಂಡವನ್ನು ಹಾಗೆ ಓದಬಾರದು’ ಅಂತ ನಿಮ್ಮ ಚರ್ಚಿನ ಫಾದರ್. ಯಾರನ್ನು ಬಿಡಲಿ ಅಂತ ಕೇಳಿದ್ದೀರಿ. ನಾನು ಅಪ್ಪನನ್ನೇ ಬಿಟ್ಟಿದ್ದೆ, ನಾಲ್ಕು ವರ್ಷ.

ಕಾರವಾರದಲ್ಲಿ ನಮ್ಮದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ಅಪ್ಪ ಮರದ ದೋಣಿ ರಿಪೇರಿ ಮಾಡುತ್ತಿದ್ದರು. ನಾನು ಹುಬ್ಬಳ್ಳಿಯಲ್ಲಿ ಓದುವಾಗ ಒಂದು ಕೂಟಕ್ಕೆ ಸೇರಿದೆ. ಅಲ್ಲಿ ಭೂಮಿಗೆ ಆರು ಸಾವಿರ ವರ್ಷ, ಸೃಷ್ಟಿಯ ದಿನಕ್ಕೆ ಸರಿಯಾಗಿ ಇಪ್ಪತ್ನಾಲ್ಕು ಗಂಟೆ. ಕ್ರಿಸ್‌ಮಸ್‌ಗೆ ಊರಿಗೆ ಬಂದವನು ಊಟದ ನಡುವೆ ಅಪ್ಪನನ್ನು ಹಿಡಿದೆ. “ನೋಹನ ನಾವೆ ಬರೆದ ಹಾಗೇ ಇತ್ತೋ ಇಲ್ಲವೋ? ಹೌದು, ಇಲ್ಲ, ಅಷ್ಟೇ ಹೇಳಿ.”

ಅಪ್ಪ ಬೈಬಲ್ ತರಿಸಿದರು. ಜಲಪ್ರಳಯದಿಂದ ಪಾರಾಗಲು ದೇವರು ನೋಹನಿಗೆ ಕಟ್ಟಲು ಹೇಳಿದ ಹಡಗು ಅದು: ಮುನ್ನೂರು ಮೊಳ ಉದ್ದ, ಐವತ್ತು ಅಗಲ, ಮೂವತ್ತು ಎತ್ತರ. ಎಂಜಲು ಕೈಯನ್ನೇ ಮೇಜಿನ ಮೇಲೆ ಚಾಚಿ ಮೊಳ ಹಾಕಿದರು. “ನಾನೂರೈವತ್ತು ಅಡಿ ಆಯ್ತು. ಬರೀ ಮರದ್ದಾ? ನಡು ಮುರಿಯುತ್ತೆ ಮಾರಾಯ. ಆದ್ರೆ ನೋಡು, ಒಳಗೂ ಹೊರಗೂ ರಾಳ ಹಚ್ಚು ಅಂದಿದ್ದಾನೆ. ಅದು ಸರಿ.”

ನನಗೆ ಗೇಲಿ ಮಾಡಿದಂತಾಯಿತು. “ನೀವು ಕ್ರೈಸ್ತರೇ ಅಲ್ಲ” ಅಂದು ಎದ್ದು ಹೋದೆ.

ಅಕ್ಷರಶಃ ನಂಬಿದ್ದು ನನ್ನ ತಪ್ಪಲ್ಲ, ಇದನ್ನು ಬಿಡಿಸಿ ಹೇಳುತ್ತೇನೆ. ಎಂಥೆಂಥ ಒಳ್ಳೆಯವರು ಹಾಗೆ ನಂಬುತ್ತಾರೆ. ತಪ್ಪು ಆ ಹೌದು-ಇಲ್ಲದ ಪ್ರಶ್ನೆ. ಆ ಪುಟವನ್ನು ಮೊಳ ಹಾಕಿ ಓದಿದ ಮನುಷ್ಯ ಆ ಮೇಜಿನಲ್ಲಿ ಅಪ್ಪ ಒಬ್ಬರೇ. ನಾನು ಓದಿದ್ದು ಕೂಟದವರು ಕೊಟ್ಟ ಚಿಕ್ಕ ಪುಸ್ತಕ. ಆದಿಕಾಂಡದ ಮೊದಲೆರಡು ಅಧ್ಯಾಯಗಳನ್ನು ಒಟ್ಟಿಗೆ ಓದಿರಲೇ ಇಲ್ಲ. ಒಂದರಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಕೊನೆಗೆ. ಇನ್ನೊಂದರಲ್ಲಿ ಆದಾಮ ಮೊದಲು, ಪ್ರಾಣಿಗಳು ಆಮೇಲೆ. ಸೂರ್ಯ ಬರುವುದೇ ನಾಲ್ಕನೇ ದಿನ. ಇದಕ್ಕೆ ಕೂಟದವರ ಹತ್ತಿರ ವಿವರಣೆ ಇದೆ, ಕೇಳಿದ್ದೇನೆ. ವಿವರಣೆ ಬೇಕಾಯಿತು ಅಂದಮೇಲೆ ಬರೀ ಅಕ್ಷರ ಸಾಲಲಿಲ್ಲ ಅಂತಾಯಿತು, ಅಲ್ವಾ?

ನಾಲ್ಕು ವರ್ಷ ಬಿಟ್ಟು ಊರಿಗೆ ಮರಳಿದಾಗ ಅಪ್ಪ ಚೆನ್ನಾಗಿಯೇ ಮಾತಾಡಿಸಿದರು. ಬೈಬಲ್ ವಿಷಯ ಮಾತ್ರ ನನ್ನೆದುರು ಮತ್ತೆ ಎತ್ತಲಿಲ್ಲ, ತೀರಿಹೋಗುವ ತನಕ. ಆ ರಾಳದ ಬಗ್ಗೆ ಇನ್ನೇನು ಹೇಳುತ್ತಿದ್ದರೋ.

ಇನ್ನು ನಿಮ್ಮ ಪ್ರಶ್ನೆ. ಅಕ್ಷರಶಃ ಓದುವವರು, ಓದದವರು ಅಂತ ಎರಡು ಪಂಗಡ ಇಲ್ಲವೇ ಇಲ್ಲ. ರೊಟ್ಟಿ ಹಿಡಿದು ಯೇಸು ‘ಇದು ನನ್ನ ಶರೀರ’ ಅಂದದ್ದು ನಮ್ಮ ಕ್ಯಾಥೊಲಿಕರಿಗೆ ಅಕ್ಷರಶಃ ನಿಜ. ಆರು ದಿನಕ್ಕೆ ಹಟ ಹಿಡಿದ ನನ್ನ ಕೂಟದವರಿಗೆ ಅದು ಬರೀ ಗುರುತು! ಇದೇ ಮಾತಿನ ಮೇಲೆ 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ವಾದ ಮಾಡಿದರು, ಒಪ್ಪಂದವಾಗಲಿಲ್ಲ. ಇಬ್ಬರೂ ಪೋಪರನ್ನು ಬಿಟ್ಟು ಬಂದವರೇ. ನಮ್ಮ ರಕ್ಷಣೆಗೆ ಬೇಕಾದ ಸತ್ಯವನ್ನು ಬೈಬಲ್ ತಪ್ಪಿಲ್ಲದೆ ಕಲಿಸುತ್ತದೆ, ಆದರೆ ಕಾವ್ಯವೋ ಚರಿತ್ರೆಯೋ ನೋಡಿ ಓದಬೇಕು ಅಂತ 1965ರಲ್ಲಿ ನಮ್ಮ ಕ್ಯಾಥೊಲಿಕ್ ಬಿಷಪರ ವ್ಯಾಟಿಕನ್ ಮಹಾಸಭೆ ಹೇಳಿತು. ಚರಿತ್ರೆ, ವಿಜ್ಞಾನದಲ್ಲೂ ಬೈಬಲ್ ತಪ್ಪುವುದಿಲ್ಲ ಅಂತ 1978ರಲ್ಲಿ ಶಿಕಾಗೊದಲ್ಲಿ ಒಂದು ಹೇಳಿಕೆಗೆ ಸಹಿ ಹಾಕಿದ ಪ್ರಾಟೆಸ್ಟಂಟ್ ಮುಖಂಡರೂ ಬರವಣಿಗೆಯ ಬಗೆ ನೋಡಬೇಕು ಅಂದರು.

ಯಾರನ್ನೂ ಬಿಡಬೇಡಿ. ಗೆಳೆಯನ ಜತೆ ಕೂತು ಆ ಎರಡು ಅಧ್ಯಾಯ ಓದಿ. ಮನೆಯವರ ಹತ್ತಿರ ಹೌದಾ ಇಲ್ಲವಾ ಅಂತ ಕೇಳೋದು ಬೇಡ, ಅದರಲ್ಲೂ ಊಟದ ಹೊತ್ತಿಗೆ.