ಆರೇ ತಿಂಗಳಲ್ಲಿ ಮತ್ತೆ ಸೋರಿದ ಗೇರ್ ಬಾಕ್ಸ್

ಪ್ರಶ್ನೆ: ಅಪ್ಪನ 1984ರ ಅಂಬಾಸಡರ್ ಮಾರ್ಕ್ 4 ಈಗ ಮಗಳಾದ ನನ್ನ ಪಾಲಿಗೆ ಬಂದಿದೆ. ಗೇರ್ ಬಾಕ್ಸಿನ ಹಿಂತುದಿಯಲ್ಲಿ, ಹಿಂಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನ ನುಣುಪಾದ ಕೊಳವೆ ಒಳಗೆ ಹೋಗುವ ಕಡೆಯಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಆರು ತಿಂಗಳ ಹಿಂದೆ ಗ್ಯಾರೇಜಿನಲ್ಲಿ ಅಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ, ಅಂದರೆ ಸೀಲ್ ಬದಲಾಯಿಸಿದ್ದರು. ಈ ಸಲ ಮನೆಯಲ್ಲಿ ನಾನೇ ಹಾಕಬಹುದೇ?
– ಓದುಗರು, ರಾಜಾಜಿನಗರ

ಉತ್ತರ: ಖಂಡಿತ ಹಾಕಬಹುದು, ತಾಯಿ. ಒಂದು ಭಾನುವಾರದ ಕೆಲಸ. ಆದರೆ ಆರೇ ತಿಂಗಳಲ್ಲಿ ಸೋರಿದೆ ಅಂದರೆ ನನಗೆ ಅನುಮಾನ ಸೀಲಿನ ಮೇಲಲ್ಲ, ಅದು ತಬ್ಬಿಕೊಂಡಿರುವ ಆ ಕೊಳವೆಯ ಮೇಲೆ. ಅದಕ್ಕೆ ಯೋಕ್ ಅಂತೀವಿ.

ಮೊದಲು ಗಾಡಿ ನಿಲ್ಲಿಸುವ ವಿಚಾರ. ಹಿಂಭಾಗ ಎತ್ತಿದರೆ ಆಯಿಲ್ ಮುಂದಕ್ಕೆ ಸರಿದು ಶಾಫ್ಟ್ ತೆಗೆದಾಗ ಕಡಿಮೆ ಸುರಿಯುತ್ತದೆ. ಜಾಕ್ ಎತ್ತುವುದಕ್ಕೆ ಮಾತ್ರ. ಭಾರ ಹೊರಲು ಕಬ್ಬಿಣದ ಸ್ಟ್ಯಾಂಡೇ ಬೇಕು. ನಮ್ಮ ಬಡಾವಣೆಗಳಲ್ಲಿ ಮನೆ ಕಟ್ಟಿ ಉಳಿದ ಹಾಲೋ ಬ್ಲಾಕ್ ಇಟ್ಟು ಕೆಳಗೆ ನುಗ್ಗುವವರನ್ನು ನೋಡಿದ್ದೇನೆ, ಕೈಮುಗಿದು ಕೇಳುತ್ತೇನೆ, ಬೇಡ. ಅದು ಸೂಚನೆ ಕೊಡದೆ ಒಡೆಯುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಶಾಫ್ಟ್ ಬಿಚ್ಚಿದ ಮೇಲೆ ಗಾಡಿ ಗೇರಿನಲ್ಲಿದ್ದರೂ ನಿಲ್ಲುವುದಿಲ್ಲ.

ಕೆಳಗೆ ಮಲಗಿದಾಗ ಶಾಫ್ಟಿನ ಮುಂತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಅಂತ ಆಡಿದರೆ ಯೋಕಿಗೆ ಆಸರೆಯಾದ ಒಳಗಿನ ಲೋಹದ ಬಳೆ, ಅಂದರೆ ಬುಷ್ ಸವೆದಿದೆ. ಆಗ ಎಂಥ ಸೀಲ್ ಹಾಕಿದರೂ ನಿಲ್ಲದು, ಅದನ್ನು ಲೇತ್ ಕೆಲಸ ಬಲ್ಲವರಿಗೆ ಬಿಡಿ.

ಆಟ ಇಲ್ಲದಿದ್ದರೆ ಮುಂದುವರಿಯಿರಿ. ಹಿಂದೆ, ಹಿಂಚಕ್ರಗಳ ನಡುವಿನ ಗೇರ್ ಗೂಡಾದ ಡಿಫರೆನ್ಷಿಯಲ್ ಕಡೆಯ ಫ್ಲೇಂಜಿನಲ್ಲಿ (ಬೋಲ್ಟ್ ಬಿಗಿಯುವ ತಟ್ಟೆ) ಶಾಫ್ಟಿಗೂ ಅದಕ್ಕೂ ಸೇರಿ ಒಂದು ಬಣ್ಣದ ಗೆರೆ ಎಳೆದು, ಆಮೇಲೆ ನಾಲ್ಕು ಬೋಲ್ಟ್ ಬಿಚ್ಚಿ. ತಿರುಗಿ ಕೂರಿಸುವಾಗ ಗೆರೆ ಕೂಡದಿದ್ದರೆ ಓಡುವಾಗ ನಡುಕ ಬರಬಹುದು. ಇಂಚಿನ ಸ್ಪ್ಯಾನರೇ ಬಳಸಿ. ಮಿಲಿಮೀಟರಿನದು ನಟ್ಟಿನ ಮೂಲೆ ತಿಂದುಹಾಕುತ್ತದೆ.

ಶಾಫ್ಟ್ ಹೊರಬಂದಮೇಲೆ ಯೋಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೀಲ್ ಕೂರುವ ಜಾಗದ ಮೇಲೆ ಉದ್ದುದ್ದಕ್ಕೆ ಉಗುರು ಎಳೆಯಿರಿ. ನನ್ನ ಗಾಡಿಗೆ ಎರಡು ತಿಂಗಳಲ್ಲಿ ಎರಡು ಸೀಲ್ ಹಾಕಿ, ಮೂರನೆಯದು ಕೈಯಲ್ಲಿ ಹಿಡಿದಿದ್ದಾಗ ನನ್ನ ಉಗುರು ಟಕ್ಕನೆ ಒಂದು ಕಡೆ ನಿಂತಿತು. ಕಣ್ಣಿಗೆ ಬರೀ ಹೊಳೆಯುವ ಬಳೆಯಂತೆ ಕಂಡಿದ್ದು ನಿಜಕ್ಕೂ ಒಂದು ಕಾಲುವೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ, ಸೀಲಿನ ಒಳ ಅಂಚು, ಅಂದರೆ ರಬ್ಬರಿನ ತುಟಿ, ಕಬ್ಬಿಣವನ್ನೇ ಕೊರೆದಿತ್ತು. ತುಟಿಗೆ ಸಿಕ್ಕಿಕೊಂಡ ಧೂಳು ಉಜ್ಜುಕಾಗದದ ಕೆಲಸ ಮಾಡುತ್ತದೆ.

ನಿಮ್ಮ ಉಗುರೂ ಸಿಕ್ಕಿಕೊಂಡರೆ ಹೊಸ ಯೋಕ್ ಹುಡುಕುವುದು ಒಳ್ಳೆಯದು. ಸಿಗದಿದ್ದರೆ ಅದರ ಮೇಲೆ ತೆಳುವಾದ ಸ್ಟೀಲ್ ಸ್ಲೀವ್ ಏರಿಸಬಹುದು. ಕಾಲುವೆ ಆಳವಿಲ್ಲದಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಈಚೆಗೆ ಕೂರಿಸಿದರೂ ತುಟಿ ಹೊಸ ಜಾಗದಲ್ಲಿ ಓಡುತ್ತದೆ. ನಾನು ಮಾಡಿದ್ದು ಇದೇ.

ಈಗ ಹಳೆ ಸೀಲ್ ಕಿತ್ತು, ಜೊತೆಗೆ ಒಯ್ಯಿರಿ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬಾಯಲ್ಲಿ ಹೇಳುವ ಬದಲು ಅದನ್ನೇ ಕೌಂಟರ್ ಮೇಲಿಟ್ಟು ಒಳ ಅಳತೆ, ಹೊರ ಅಳತೆ, ದಪ್ಪ ಮೂರನ್ನೂ ವರ್ನಿಯರ್ ಅಳತೆಗೋಲಿನಲ್ಲಿ ಹೋಲಿಸಿ. ಕೀಳುವಾಗ ಸ್ಕ್ರೂಡ್ರೈವರ್ ಮೊನೆ ಸೀಲ್ ಕೂರುವ ಅಲ್ಯುಮಿನಿಯಂ ಗೂಡನ್ನು ಗೀರದಂತೆ ಎಚ್ಚರ, ಆ ಗೀರಿನಿಂದಲೂ ಆಯಿಲ್ ದಾರಿ ಮಾಡಿಕೊಳ್ಳುತ್ತದೆ.

ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಗೇರ್ ಬಾಕ್ಸಿನ ಒಳಗಡೆಗೆ. ತುಟಿಗೆ ಬೆರಳಲ್ಲಿ ಗೇರ್ ಆಯಿಲ್ ಸವರಿ. ಒಣಗಿದ ತುಟಿ ಮೊದಲ ಓಟದಲ್ಲೇ ಸುಡುತ್ತದೆ. ಸೀಲಿನಷ್ಟೇ ಅಗಲದ ಪೈಪ್ ತುಂಡಿಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ. ಒಂದು ಮಗ್ಗುಲಿಗೇ ಸುತ್ತಿಗೆ ಬಿದ್ದರೆ ಸೀಲ್ ಸೊಟ್ಟಗಾಗುತ್ತದೆ.

ಶಾಫ್ಟ್ ಏರಿಸಿ, ಗಾಡಿ ಇಳಿಸಿ, ಸಮತಟ್ಟಾದ ನೆಲದ ಮೇಲೆ ಆಯಿಲ್ ಮಟ್ಟ ನೋಡಿ, ಕಡಿಮೆಯಾದಷ್ಟೇ ತುಂಬಿ. ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ರಾತ್ರಿ ಗೇರ್ ಬಾಕ್ಸಿನ ಕೆಳಗೆ ದಿನಪತ್ರಿಕೆ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಏನು ಕಂಡಿತು, ನನಗೆ ಬರೆಯಿರಿ.