ಇರಿಡಿಯಂ ಪ್ಲಗ್ ಹಾಕಿಸಬೇಕಾ? ನಾನೇ ಬದಲಾಯಿಸಿಕೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: 2015ರ ಪೆಟ್ರೋಲ್ ಸ್ವಿಫ್ಟ್, 62,000 ಕಿ.ಮೀ. ಓಡಿದೆ, ಸ್ಪಾರ್ಕ್ ಪ್ಲಗ್ (ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಭಾಗ) ಬದಲಾಯಿಸಿದ ನೆನಪಿಲ್ಲ, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಎಂಜಿನ್ ನಡುನಡುವೆ ತಡವರಿಸುತ್ತದೆ. ತುದಿಗೆ ಇರಿಡಿಯಂ ಲೋಹ ಇರುವ ಪ್ಲಗ್ ಹಾಕಿಸಿದರೆ ಮೈಲೇಜ್ ಜಾಸ್ತಿ ಆಗುತ್ತೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಅದು ನಿಜವಾ, ಕೆಲಸ ಮನೆಯಲ್ಲೇ ಮಾಡಬಹುದಾ ಅಂತ.

ಮೈಲೇಜ್ ವಿಷಯ ಮೊದಲು. ಹಳೇ ಪ್ಲಗ್ ಸವೆದು ಕಿಡಿ ಸರಿಯಾಗಿ ಹಾರುತ್ತಿಲ್ಲ ಅಂದರೆ, ಹೊಸದು ಹಾಕಿದಾಗ ಕಳೆದುಹೋದ ಮೈಲೇಜ್ ವಾಪಸ್ ಬರುತ್ತದೆ. ಮಾಮೂಲಿ ನಿಕಲ್ ಪ್ಲಗ್ ಹಾಕಿದರೂ ಬರುತ್ತದೆ. ಇರಿಡಿಯಂಗೆ ನಾವು ದುಡ್ಡು ಕೊಡುವುದು ಬಾಳಿಕೆಗೆ. ನಿಕಲ್ 1,455 ಡಿಗ್ರಿಗೆ ಕರಗುತ್ತದೆ, ಇರಿಡಿಯಂ ಕರಗಲು 2,400 ದಾಟಬೇಕು. ಹಾಗಾಗಿ ತುದಿ ಅರ್ಧ ಮಿಲಿಮೀಟರ್‌ನಷ್ಟು ಸಣ್ಣ ಇದ್ದರೂ ಬೇಗ ಸವೆಯುವುದಿಲ್ಲ. ಸಣ್ಣ ತುದಿಯಿಂದ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು, ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್‌ಗೂ ಒತ್ತಡ ಕಮ್ಮಿ. ಸಾಮಾನ್ಯವಾಗಿ ನಿಕಲ್ 30-40 ಸಾವಿರ ಕಿ.ಮೀ. ಬರುತ್ತದೆ, ಒಳ್ಳೆ ಇರಿಡಿಯಂ ಲಕ್ಷದ ಹತ್ತಿರ. ಆದರೆ ಇರಿಡಿಯಂ ಅಂತ ಮಾರುವ ಎಲ್ಲವೂ ಅಷ್ಟು ಬರಲ್ಲ. ಕೆಲವದರಲ್ಲಿ ನಡುವಿನ ತುದಿ ಮಾತ್ರ ಇರಿಡಿಯಂ, ಅದರ ಮೇಲೆ ಬಾಗಿರುವ ಕೊಕ್ಕೆ ಬರೀ ನಿಕಲ್. ಕೊಕ್ಕೆಯ ಒಳಬದಿಗೆ ಪ್ಲಾಟಿನಂನ ಪುಟ್ಟ ಚುಕ್ಕೆ ಇದ್ದರೆ ಅದು ಹೆಚ್ಚು ದಿನ ಬಾಳುತ್ತದೆ.

ನನ್ನ ಮಾತು ಕೇಳುವುದಾದರೆ, ಲೋಹಕ್ಕಿಂತ ನಂಬರ್ ಮುಖ್ಯ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಯಾವ ನಂಬರ್ ಇದೆಯೋ ಅದೇ, ಇಲ್ಲವೇ ಕಂಪನಿಯೇ ಅದಕ್ಕೆ ಸಮ ಅಂತ ಹೇಳಿರುವುದು. ಉದಾಹರಣೆಗೆ ಎನ್‌ಜಿಕೆ ಅನ್ನುವ ಪ್ಲಗ್ ಕಂಪನಿಯ ಬಿಕೆಆರ್6ಇ-11 ತಗೊಳ್ಳಿ (ಇದು ಓದುವ ಕ್ರಮ ತೋರಿಸಲು ಅಷ್ಟೇ, ನಿಮ್ಮ ಗಾಡಿಗೆ ಅಂತ ಅಲ್ಲ). ಬಿ ಅಂದರೆ ಥ್ರೆಡ್ (ತಿರುಪಿನ ಸುರುಳಿ) 14 ಮಿ.ಮೀ. ಅಗಲ, ಕೆ ಅಂದರೆ ಬಿಚ್ಚಲು 16 ಮಿ.ಮೀ. ಸಾಕೆಟ್ ಪಾನಾ, ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ಇ ಅಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ., 11 ಅಂದರೆ ತುದಿಗೂ ಕೊಕ್ಕೆಗೂ ನಡುವಿನ ಗ್ಯಾಪ್ 1.1 ಮಿ.ಮೀ. ಆ 6 ಇದೆಯಲ್ಲ, ಅದು ಹೀಟ್ ರೇಂಜ್, ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಎಂಜಿನ್ನಿಗೆ ಬಿಟ್ಟುಕೊಡುತ್ತದೆ ಅನ್ನುವುದರ ಲೆಕ್ಕ. ತುದಿ ಸುಮಾರು 450 ಡಿಗ್ರಿ ಮುಟ್ಟದಿದ್ದರೆ ಮಸಿ ಸುಟ್ಟುಹೋಗುವುದಿಲ್ಲ. 800 ದಾಟಿದರೆ ಕಿಡಿಗೆ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ. ಎನ್‌ಜಿಕೆ, ಡೆನ್ಸೊ ಕಂಪನಿಗಳಲ್ಲಿ ನಂಬರ್ ಏರಿದಷ್ಟು ಪ್ಲಗ್ ತಣ್ಣಗೆ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಬಾಷ್ ಕಂಪನಿಯಲ್ಲಿ ಇದು ಉಲ್ಟಾ. ಅದಕ್ಕೇ ಕಂಪನಿ ಬದಲಾಯಿಸುವಾಗ ಅಂದಾಜಿನ ಮೇಲೆ ತಗೋಬೇಡಿ. ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರೋಡಿನಲ್ಲೇ ತಗೊಂಡರೂ ಬಿಲ್ ಕೇಳಿ.

ನೀವೇ ಬದಲಾಯಿಸಬಹುದು, ಖಂಡಿತ. ಎಂಜಿನ್ ಮಾತ್ರ ಪೂರ್ತಿ ತಣ್ಣಗಾಗಿರಲಿ. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ನಿಮ್ಮದರಲ್ಲಿ ಅಲ್ಯೂಮಿನಿಯಂನದು. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತುಕೊಂಡು ಬರಬಹುದು, ಆಮೇಲೆ ಪ್ಲಗ್ಗಿನ ಖರ್ಚಲ್ಲ, ಹೆಡ್ಡಿನ ಖರ್ಚು. ಒಂದೊಂದೇ ಕಾಯಿಲ್ ತೆಗೆಯಿರಿ. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಪ್ಲಗ್ ಸಡಿಲಿಸುವ ಮೊದಲು ಅದು ಕೂತಿರುವ ಗುಂಡಿಯ ಧೂಳನ್ನು ಪಂಪಿನಿಂದ ಊದಿಬಿಡಿ, ಇಲ್ಲದಿದ್ದರೆ ಮರಳೆಲ್ಲ ಸಿಲಿಂಡರಿಗೆ ಹೋಗುತ್ತದೆ.

ಹೊಸದನ್ನು ಕೂರಿಸುವಾಗ ಒಂದಡಿ ರಬ್ಬರ್ ಪೈಪ್ ಇಟ್ಟುಕೊಳ್ಳಿ. ಪ್ಲಗ್ಗಿನ ಬಿಳಿ ತಲೆಗೆ ಅದನ್ನು ಸಿಕ್ಕಿಸಿ, ಗುಂಡಿಗೆ ಇಳಿಸಿ, ಬೆರಳಲ್ಲೇ ತಿರುಗಿಸಿ. ಥ್ರೆಡ್ ನೇರ ಕೂತಿದ್ದರೆ ಸಲೀಸಾಗಿ ಇಳಿಯುತ್ತದೆ. ಅಡ್ಡ ಕೂತಿದ್ದರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಪಾನಾ ಹಾಕಿ ಶುರು ಮಾಡಿದರೆ ಈ ಸುಳಿವು ಸಿಗಲ್ಲ. ಕೈಯಲ್ಲಿ ಪೂರ್ತಿ ಇಳಿದ ಮೇಲೆ ಎಷ್ಟು ಸುತ್ತು ಬಿಗಿಯಬೇಕು ಅಂತ ಡಬ್ಬದ ಮೇಲೆ ಚಿತ್ರ ಇರುತ್ತದೆ, ಅಷ್ಟೇ ಬಿಗಿ ಮಾಡಿ. ಥ್ರೆಡ್ಡಿಗೆ ಆಯಿಲ್, ಗ್ರೀಸ್ ಹಚ್ಚಬೇಡಿ, ಅದರಿಂದ ಗೊತ್ತಿಲ್ಲದೆ ಜಾಸ್ತಿ ಬಿಗಿಯಾಗುತ್ತದೆ.

ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹಳೇದನ್ನೇ ಹಾಕಿಕೊಡ್ತೀವಿ ಅಂದರೆ ಬೇಡ ಅನ್ನಿ. ಇರಿಡಿಯಂ ತುದಿಯನ್ನಂತೂ ಮುಟ್ಟಲೇಬಾರದು.

ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಒದ್ದೆ ಎಣ್ಣೆ ಮಸಿ ಇದ್ದರೆ ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿಯಾಗಿದೆ. ಬಿಳಿ ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಕಂಡರೆ ಹೆದರಬೇಡಿ, ವಿದ್ಯುತ್ತಿನಿಂದ ಅಲ್ಲಿ ಕೂರುವ ಕಲೆ ಅದು, ಸೋರಿಕೆ ಅಲ್ಲ.

ಪ್ಲಗ್ ಹಾಕಿದ ಮೇಲೂ ಮಿಸ್ಸಿಂಗ್ ಹೋಗದಿದ್ದರೆ ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0302 ಅನ್ನುವ ಕೋಡ್ ಬಂದರೆ ಮಿಸ್ಸಿಂಗ್ ಎರಡನೇ ಸಿಲಿಂಡರಿನಲ್ಲಿ. ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ರೌಂಡ್ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಹೋಗಿದೆ ಅಂತಲೇ ಅರ್ಥ. ಕೋಡ್ ಎರಡರಲ್ಲೇ ನಿಂತರೆ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ), ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಬೇಕು. ಈ ನಡುವೆ ಚೆಕ್ ಎಂಜಿನ್ ಲೈಟ್ ಮಿಣುಕಲು ಶುರುವಾದರೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಹಾಳು ಮಾಡುತ್ತದೆ.