ಓದುಗರ ಪ್ರಶ್ನೆ: ‘ದಟ್’ ಎಲ್ಲಿ, ‘ವಿಚ್’ ಎಲ್ಲಿ?

ಪ್ರಶ್ನೆ: ನಮ್ಮ ಹೋಂಸ್ಟೇಯ ಕರಪತ್ರದಲ್ಲಿ ‘ದಿ ಕಾವೇರಿ, ದಟ್ ರೈಸಸ್ ಅಟ್ ತಲಕಾವೇರಿ’ ಎಂದಿದ್ದುದನ್ನು ಕರಡು ನೋಡಿದವರು ‘ವಿಚ್’ ಎಂದು ತಿದ್ದಿದ್ದಾರೆ. ಎರಡೂ ವಸ್ತುವಾಚಕಗಳೇ ಅಲ್ಲವೇ?
– ಓದುಗರು, ವಿರಾಜಪೇಟೆ

ಉತ್ತರ: ತಿದ್ದುಪಡಿ ಸರಿಯಾಗಿದೆ. ಕಾವೇರಿ ಯಾವುದೆಂದು ಗುರುತಿಸಲು ಆ ಉಪವಾಕ್ಯ ಬೇಕಿಲ್ಲ. ಅದು ಹೆಚ್ಚುವರಿ ಮಾಹಿತಿಯಷ್ಟೇ ಆದ್ದರಿಂದ ಅದರ ಹಿಂದೆ ಅಲ್ಪವಿರಾಮ ಬರುತ್ತದೆ, ಅಂಥಲ್ಲಿ ಇಂದಿನ ಶಿಷ್ಟ ಇಂಗ್ಲಿಷ್ ‘ದಟ್’ ಅನ್ನು ಒಪ್ಪುವುದಿಲ್ಲ. ‘ದಿ ಎಸ್ಟೇಟ್ಸ್ ದಟ್ ಗ್ರೋ ರೋಬಸ್ಟಾ ನೀಡ್ ವಾಟರ್ ಇನ್ ಮಾರ್ಚ್’ ಎಂದರೆ ರೋಬಸ್ಟಾ ತಳಿಯ ಕಾಫಿ ಬೆಳೆಯುವ ತೋಟಗಳಿಗೆ ಮಾತ್ರ ನೀರು ಬೇಕೆಂದಾಯಿತು. ಅಲ್ಪವಿರಾಮಗಳ ನಡುವೆ ‘ವಿಚ್ ಗ್ರೋ ರೋಬಸ್ಟಾ’ ಎಂದಿಟ್ಟರೆ ಪ್ರಸ್ತಾಪಿಸಿದ ತೋಟಗಳೆಲ್ಲವೂ ರೋಬಸ್ಟಾದವೇ ಆಗಿಬಿಡುತ್ತವೆ, ಅರೇಬಿಕಾ ಬೆಳೆಗಾರರು ಇದಕ್ಕೆ ಸುಮ್ಮನಿರಲಾರರು. ಅಲ್ಪವಿರಾಮವಿಲ್ಲದ ಕಡೆ ಬ್ರಿಟಿಷರು ಎರಡನ್ನೂ ಬಳಸುತ್ತಾರೆ. ಅಮೆರಿಕನ್ ಸಂಪಾದಕರಿಗೆ ‘ದಟ್’ ಮೇಲೆಯೇ ಒಲವು. ವ್ಯಕ್ತಿಗಳಿಗಾದರೆ ‘ಹೂ’, ಅದು ಉಪವಾಕ್ಯದ ಕರ್ಮವಾದಾಗ ಔಪಚಾರಿಕ ಬರಹದಲ್ಲಿ ‘ಹೂಮ್’. ಆದರೆ ‘ದಿ ಪ್ಲಾಂಟರ್ ಹೂ ವಿ ಬಿಲೀವ್ ಓನ್ಸ್ ದಿ ಲ್ಯಾಂಡ್’ ಎಂಬಲ್ಲಿ ‘ಓನ್ಸ್’ ಕ್ರಿಯೆಗೆ ಕರ್ತೃ ಬೇಕಿರುವುದರಿಂದ ‘ಹೂ’ ಎಂಬುದನ್ನೇ ಉಳಿಸಿಕೊಳ್ಳಬೇಕು.